ಅಕ್ಕ ಕಾಯಿಸಿದ ಪಟಿಕದ ನೀರು

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಜನ ಕೋಳಿ ಕೂಗಿ ಏಳುವುದಿಲ್ಲ, ಕೆಮ್ಮಿ ಏಳುತ್ತಾರೆ. ಗಾಳಿಯಲ್ಲಿ ಸದಾ ಒಂದು ಸಣ್ಣ ಘಾಟು. ಕಣ್ಣು ಬಿಟ್ಟರೂ ಅರ್ಧ ನಿದ್ದೆ, ಮುಚ್ಚಿದರೂ ಅರ್ಧ ಎಚ್ಚರ. ಆ ಮಂಪರಿನಲ್ಲಿ ನನಗೆ ಮೊದಲು ಕೇಳುತ್ತಿದ್ದದ್ದು ಅಡುಗೆಮನೆಯಲ್ಲಿ ಅಕ್ಕನ ಬಳೆ, ಆಮೇಲೆ ಅಕ್ಕನ ಬೈಗುಳ. ಬೈಗುಳ ಇಂಥವರಿಗೇ ಅಂತಿರಲಿಲ್ಲ. ಉಕ್ಕಿದ ಹಾಲಿಗೆ, ಬೆಕ್ಕಿಗೆ, ಹತ್ತದ ಗ್ಯಾಸಿಗೆ, ಇನ್ನೂ ಏಳದ ನನಗೆ. ಆ ದನಿ ಕೇಳಿದರೆ ಮನೆ ಅದರ ಜಾಗದಲ್ಲೇ ಇದೆ ಅಂತ ಗೊತ್ತಾಗಿ, ನಾನು ಮತ್ತೊಂದು ಮಗ್ಗುಲಿಗೆ ಹೊರಳಿ ಕನಸಿನ ಉಳಿದ ತುಂಡನ್ನು ಹುಡುಕುತ್ತಿದ್ದೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಸೇರಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾರೆ. ಮನೆ ನಡೆಸುವವಳು ಅಕ್ಕ. ನಾನು ಗುತ್ತಲದಿಂದ ಮದುವೆಯಾಗಿ ಈ ಮನೆಗೆ ಬಂದಾಗ ತಾಯಿ ಇಲ್ಲದ ಹುಡುಗಿ. ನೆಟ್ಟಗೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ, ತಟ್ಟಿದ ರೊಟ್ಟಿ ಒಂದು ಕಡೆ ಹರಿದರೆ ಇನ್ನೊಂದು ಕಡೆ ದಪ್ಪ, ಮೇಲೆ ಮೂಗಿನ ತುದಿಯಲ್ಲಿ ಸಿಟ್ಟು. ಬಂದ ವಾರದಲ್ಲೇ ಯಾವುದೋ ಮಾತಿಗೆ ಸಿಟ್ಟಾಗಿ ಊಟ ಬಿಟ್ಟು ಮಲಗಿದ್ದೆ. ಅಕ್ಕ ತಾಟು ಹಿಡಿದು ಬಂದು ಪಕ್ಕದಲ್ಲಿ ಕೂತಳು. “ಸಿಟ್ಟ ಮಾಡೂದಿದ್ರ ಉಂಡ ಮ್ಯಾಲೆ ಮಾಡವ್ವ. ಹೊಟ್ಟಿ ತುಂಬಿದ್ರ ದನಿ ಚಲೋ ಬರತೈತಿ” ಅಂದಳು. ನಾನು ನಕ್ಕುಬಿಟ್ಟೆ. ಆವತ್ತಿನಿಂದ ನನ್ನ ಸಿಟ್ಟಿಗೂ ಹಸಿವಿಗೂ ಅವಳೇ ವಾರಸುದಾರಳು.

ಅವಳಿಗೆ ಒಂದೇ ಒಂದು ಹುಚ್ಚು, ಸ್ವಚ್ಛತೆ. ಖಾರದ ಊರಿನಲ್ಲಿ ಎಷ್ಟು ಒರೆಸಿದರೂ ಕಿಟಕಿಯ ಸರಳಿನ ಮೇಲೆ ಕೆಂಪು ಧೂಳು ಕೂರುತ್ತದೆ. ಅಕ್ಕ ಸೋತವಳಲ್ಲ, ಮತ್ತೆ ಒರೆಸುತ್ತಾಳೆ. ಹಾಲಿನವನ ಕ್ಯಾನನ್ನೂ ಇಸಿದುಕೊಂಡು ತೊಳೆದು ಕೊಟ್ಟ ಹೆಂಗಸು. “ಸ್ವಚ್ಛ ಇದ್ದ ಮನಿಗೆ ದವಾಖಾನಿ ದಾರಿ ಗೊತ್ತಿರೂದಿಲ್ಲ” ಅನ್ನುವುದು ಅವಳ ಮಾತು. ನಾವೂ ಅದನ್ನು ನಂಬಿದ್ದೆವು.

ಆ ವರ್ಷ ಚಳಿ ಬಿದ್ದ ಹೊಸದರಲ್ಲಿ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಬಂದು ಕೂತಳು. ಅವಳನ್ನು ಎಲ್ಲರೂ ಆಪಾ ಅನ್ನುತ್ತೇವೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಬೈಯುವಾಗ ಎರಡೂ.

“ಮೂವತ್ತ ದಾಟಿದವ್ರು ಎಲ್ಲಾರೂ ಬರ್ರಿ. ಗರ್ಭಚೀಲದ ಬಾಯಿ ತಪಾಸಣಿ ಐತಿ” ಅಂದಳು. “ಒಂದ ಕಡ್ಡೀಲೆ ಮ್ಯಾಲಿಂದ ಮ್ಯಾಲೆ ಸವರಿ ಗಾಜಿನ ಮ್ಯಾಲೆ ಹಚ್ಚಿಕೊಂತಾರ. ಅದನ್ನ ದುರ್ಬೀನ ಇಟ್ಟು ನೋಡ್ತಾರ. ಕ್ಯಾನ್ಸರ್ ಆಗೂಕಿಂತ ಎಷ್ಟೋ ವರ್ಷ ಮದ್ಲ ಗೊತ್ತಾಗತೈತಿ.”

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಎವ್ವಾ, ಗಂಡಗ ಸೈತ ತೋರಿಸಿಲ್ಲ, ಡಾಕ್ಟರಿಗೆ ತೋರಸಬೇಕೇನ?” ಅಂದಳು ಒಬ್ಬಳು. “ನಾಕ ಮಕ್ಕಳು ಗಾಳ್ಯಾಗ ಹುಟ್ಟ್ಯಾವೇನ?” ಅಂದಳು ಆಪಾ. ಅಲ್ಲಿಗೆ ವಾದ ಮುಗಿಯಿತು, ಎಲ್ಲರೂ ಹೋಗುವುದು ಅಂತಾಯಿತು.

ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವುದೂ ಬೀಗರ ಮನೆಗೆ ಹೋಗುವುದೂ ಒಂದೇ. ಎಣ್ಣೆ ನೀರು ಹಾಕಿಕೊಳ್ಳಬೇಕು, ಒಗೆದ ಸೀರೆ ಉಡಬೇಕು, ಹೂ ಇಲ್ಲದಿದ್ದರೆ ಕೊನೆಗೆ ಪೌಡರಾದರೂ ಬೇಕು. ಇದು ಆ ಜಾಗದ ತಪಾಸಣೆ ಬೇರೆ. ಅಕ್ಕ ಬೆಳಗಿನ ಜಾವ ಹಂಡೆಗೆ ಬೇವಿನ ಸೊಪ್ಪು ಹಾಕಿ ಕುದಿಸಿ, ಅದಕ್ಕೆ ಪಟಿಕ ಕರಗಿಸಿದಳು. ಕ್ಷೌರದ ಅಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಆ ಬಿಳಿ ಕಲ್ಲಿನ ಹಾಗಿರುವ ಪಟಿಕ. ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ಬಂದರು. ಹಂಡೆಯ ಹಬೆಯಲ್ಲಿ ಅಕ್ಕನ ಮುಖ ಮಸುಕಾಗಿ, ಏನೋ ಪ್ರಸಾದ ಹಂಚುವವಳ ಹಾಗೆ ಕಾಣುತ್ತಿತ್ತು. “ಒಳಗ ಹೊರಗ ಚಂದಗೆ ತೊಳಕೋರಿ. ಪಾಪ, ಡಾಕ್ಟರಿಗೆ ಹೇಸಿಕಿ ಆಗಬಾರದು” ಅಂತ ಒಬ್ಬೊಬ್ಬರಿಗೂ ಹೇಳಿದಳು. ನಾನೂ ತೊಳೆದುಕೊಂಡೆ. ಚೊಗರು ಚೊಗರಾಗಿ ಬಿಗಿದ ಹಾಗಾಯಿತು.

ತಪಾಸಣೆಗೆ ಕೂತಿದ್ದ ಸಿಸ್ಟರ್ ಹೊಸಬಳು, ಚಿಕ್ಕ ವಯಸ್ಸಿನವಳು. ಅಕ್ಕನನ್ನು ನೋಡಿ, “ಎಷ್ಟ ಸ್ವಚ್ಛ ಅದೀರಿ ಅಮ್ಮಾರ” ಅಂದಳಂತೆ. ಹೊರಗೆ ಬಂದ ಅಕ್ಕನ ಮುಖ ನೋಡಬೇಕಿತ್ತು. ಮಗನಿಗೆ ರ‍್ಯಾಂಕು ಬಂದಿದ್ದರೂ ಅಷ್ಟು ಬೀಗುತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಫಲಿತಾಂಶ ಬಂತು. ನಮ್ಮ ಓಣಿಯಿಂದ ಹೋದ ಎಲ್ಲರಿಗೂ ಒಂದೇ ಮಾತು, ಮತ್ತೊಮ್ಮೆ ತಪಾಸಣೆಗೆ ಬರಬೇಕು. ಒಬ್ಬರಿಗೆ ಬಂದಿದ್ದರೆ ಗುಟ್ಟಾಗಿ ಅಳುತ್ತಿದ್ದರೇನೋ, ಎಲ್ಲರಿಗೂ ಬಂದಿದ್ದರಿಂದ ಓಣಿಗೆ ಓಣಿಯೇ ಒಟ್ಟಿಗೆ ಸಾಯಲು ತಯಾರಾಯಿತು. ಒಬ್ಬಳು ಮಗಳ ಮದುವೆ ಈ ತಿಂಗಳೇ ಮಾಡಿಬಿಡಿ ಅಂತ ಗಂಡನ ಕಾಲು ಹಿಡಿದಳು. ಇನ್ನೊಬ್ಬಳು ಸಕ್ಕರೆ ಕಾಯಿಲೆ ಮರೆತು ಹೋಳಿಗೆ ಮಾಡಿಸಿಕೊಂಡು ತಿಂದಳು. 

ಆಪಾ ಓಡಿ ಬಂದಳು. ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ಆವತ್ತು ಬೆಳಗ್ಗೆ ಏನು ಮಾಡಿದಿರಿ ಅಂತ ಕೇಳಿದಳು. ಎಲ್ಲರ ಕಣ್ಣೂ ಅಕ್ಕನ ಕಡೆ ಹೋದವು. ಅಕ್ಕ ಧೈರ್ಯವಾಗಿ, “ಬೇವು, ಪಟಿಕ ಹಾಕಿ ನೀರ ಕಾಸಿ ಕೊಟ್ಟಿದ್ದೆ. ಸ್ವಚ್ಛ ತೊಳಕೊಂಡು ಬಂದ್ವಿ” ಅಂದಳು.

ಆಪಾ ಹಣೆ ಬಡಿದುಕೊಂಡಳು. ಆಮೇಲೆ ನಗಲು ಶುರು ಮಾಡಿದವಳಿಗೆ ನಿಲ್ಲಿಸಲು ಆಗಲೇ ಇಲ್ಲ. “ಯಾ ಅಲ್ಲಾ! ಅಲ್ಲಿಂದ ಉದುರೂ ಜೀವಕೋಶ ಹೆಂಗ ಅದಾವು ನೋಡೂಣು ಅಂತ ಅವ್ರು ಸವರಿಕೊಂಡಾರ. ನೀವು ಅವನ್ನ ಪಟಿಕ ಹಚ್ಚಿ ತೊಳದು ಗಟಾರಕ್ಕ ಬಿಟ್ಟ ಬಂದೀರಿ! ಗಾಜಿನ ಮ್ಯಾಲೆ ನೋಡಾಕ ಏನ ಉಳೀತು, ಬೇವಿನ ಸೊಪ್ಪ? ರೋಗ ಇಲ್ಲ, ಏನಿಲ್ಲ. ನೋಡಾಕ ಜೀವಕೋಶನ ಸಾಲಲಿಲ್ಲ, ಅದಕ್ಕ ಮತ್ತ ಕರದಾರ. ಈ ಸಲ ಎರಡ ದಿನ ಮದ್ಲಿಂದ ಒಳಗ ಏನೂ ಹಾಕಬ್ಯಾಡ್ರಿ, ಔಷಧಾನೂ ಇಲ್ಲ, ನೀರೂ ಇಲ್ಲ, ಗಂಡನೂ ಇಲ್ಲ!”

ಕಟ್ಟೆ ಕುಸಿಯುವ ಹಾಗೆ ಎಲ್ಲರೂ ನಕ್ಕರು. ಸಾವು ತಪ್ಪಿದವರ ನಗು ಅದು. ಅಕ್ಕ ಮಾತ್ರ ನಗಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡನೇ ಸಲ ಎಲ್ಲರೂ ಹೋದೆವು. ಎಲ್ಲರಿಗೂ ಏನೂ ಇಲ್ಲ ಅಂತ ಬಂತು. ಅಕ್ಕ ಹೋಗಲಿಲ್ಲ. “ಊರಿಗೆ ಉಪಕಾರ ಮಾಡಬ್ಯಾಡ, ಹೆಣಕ್ಕ ಶೃಂಗಾರ ಮಾಡಬ್ಯಾಡ ಅಂತ ಹಿರ‍್ಯಾರು ಸುಮ್ಮನ ಅಂದಾರೇನ? ನಾ ಸ್ವಚ್ಛ ಇದ್ದದ್ದ ನಗೆಪಾಟ್ಲ ಆತು. ಇನ್ನ ಹೊಲಸ ಆಗಿ ಬೇರೆ ಹೋಗಬೇಕೇನ?” ಅಂದಳು. ಆಪಾ ಬಂದು ಕೈ ಹಿಡಿದುಕೊಂಡಳು, ಬೇಜಾರು ಮಾಡಿಕೋಬೇಡಿ ಅಂದಳು. ಅಕ್ಕ ಚಹಾ ಮಾಡಿ ಕುಡಿಸಿ ಕಳಿಸಿದಳು, ಅಷ್ಟೇ. ಅವಳಿಗೆ ಯಾವ ತ್ರಾಸೂ ಇರಲಿಲ್ಲ. ನೋವಿಲ್ಲ, ರಕ್ತವಿಲ್ಲ, ಐವತ್ತರ ಹತ್ತಿರ ಬಂದರೂ ನಮ್ಮೆಲ್ಲರಿಗಿಂತ ಗಟ್ಟಿ. ಹೋಗು ಅಂತ ಯಾವ ಬಾಯಿಂದ ಹೇಳುವುದು?

ಆದರೆ ನನಗೆ ಹಳೆಯ ಕನಸೊಂದು ಮತ್ತೆ ಬೀಳಲು ಶುರುವಾಯಿತು. ಗುತ್ತಲದ ಆಚೆ ತುಂಗಭದ್ರೆ. ದಂಡೆಯಲ್ಲಿ ನನ್ನವ್ವ ಬೆನ್ನು ಹಾಕಿ ಕೂತು ಬಟ್ಟೆ ಹಿಂಡುತ್ತಿದ್ದಾಳೆ. ಹೊಳೆಗೆ ಸದ್ದಿಲ್ಲ, ಬಟ್ಟೆಗೂ ಸದ್ದಿಲ್ಲ. ನಾನು ಕರೆದರೆ ತಿರುಗುವುದಿಲ್ಲ. ವರ್ಷಗಟ್ಟಲೆ ನೋಡಿದ ಕನಸು ಇದು, ಭಯವೇನೂ ಇರಲಿಲ್ಲ. ಅವ್ವನನ್ನು ನೋಡಲು ಅದೊಂದೇ ದಾರಿ ಅಂತ ಒಳಗೊಳಗೆ ಕಾಯುತ್ತಲೂ ಇದ್ದೆ. ಆ ಚಳಿಗಾಲದ ಒಂದು ನಸುಕಿನಲ್ಲಿ ಅವಳು ತಿರುಗಿದಳು. ಮುಖ ಅಕ್ಕನದಾಗಿತ್ತು.

ಎದ್ದು ಕೂತೆ. ಅಡುಗೆಮನೆಯಲ್ಲಿ ಬಳೆ ಸದ್ದು ಇತ್ತು, ಬೆಕ್ಕಿಗೆ ಬೈಗುಳವೂ ಇತ್ತು. ಆದರೂ ಮತ್ತೆ ಹೊರಳಿ ಮಲಗಲು ಆಗಲಿಲ್ಲ.

ಅವತ್ತು ಮಧ್ಯಾಹ್ನ ಅಂಗಳದಲ್ಲಿ ವರ್ಷದ ಖಾರಪುಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಾವಿಬ್ಬರೇ ಕೂತಿದ್ದೆವು. ಸುತ್ತ ಕೆಂಪು ರಾಶಿ, ಅದರ ಮೇಲೆ ಚಳಿಗಾಲದ ಎಳೆ ಬಿಸಿಲು. ಆ ಬೆಳಕಿನಲ್ಲಿ ನಮ್ಮ ಕೈ, ಕೆನ್ನೆ, ಗೋಡೆ ಎಲ್ಲಕ್ಕೂ ಕೆಂಪು ಹತ್ತಿತ್ತು. ನಾನು ಯಾರಿಗೂ ಹೇಳದ ಮಾತನ್ನು ಹೇಳಲು ಶುರು ಮಾಡಿದೆ. ನನ್ನವ್ವ ಯಾವುದೋ ಜಡ್ಡಿನಿಂದ ಹೋದಳು ಅಂತಷ್ಟೇ ಈ ಮನೆಗೆ ಗೊತ್ತಿತ್ತು. ಅವಳಿಗೆ ಆಗಿದ್ದು ಇದೇ, ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮೈಮೇಲೆ ಹೊತ್ತಲ್ಲದ ಹೊತ್ತಿಗೆ ರಕ್ತ ಹೋಗುತ್ತಿತ್ತು. ಉಷ್ಣ ಅಂದರು, ಕೊತ್ತಂಬರಿ ಬೀಜ ನೆನೆಹಾಕಿ ಕುಡಿದಳು. ವಾಸನೆ ಬರುತ್ತದೆ ಅಂತ ನಮ್ಮ ಪಕ್ಕ ಮಲಗುವುದನ್ನು ಬಿಟ್ಟಳು. ಬಟ್ಟೆಗಳನ್ನು ಯಾರಿಗೂ ಕಾಣದ ಹಾಗೆ ಹೊಳೆಗೆ ಒಯ್ದು ಒಗೆದಳು. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಡಾಕ್ಟರು ಬರೀ ತಲೆ ಅಲ್ಲಾಡಿಸಿದರು. ಮಣ್ಣು ಮಾಡಿ ಬಂದ ದಿನ ಎಲ್ಲರೂ ಹಣೆಬರಹ ಅಂದರು. ಹಣೆಬರಹ ಅಂದಮೇಲೆ ಯಾರ ಮೇಲೆ ಸಿಟ್ಟು ಮಾಡುವುದು? ನನಗೆ ಅಳುವೇ ಬರಲಿಲ್ಲ. ಬಂದವರಿಗೆ ಚಹಾ ಮಾಡಿ ಕೊಟ್ಟೆ.

ಅಕ್ಕ ಮೆಣಸಿನಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. “ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಹೇಳಿದ್ರ ಏನ ಆಗ್ತಿತ್ತು? ಈಗೂ ಹೇಳಿ ಏನ ಆತು? ನೀ ಏನ ಹೋಗ್ತೀಯೇನ?” ಅಂದೆ. ಅಂದವಳಿಗೆ ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬಂತು. “ನಿನ್ನ ಸ್ವಚ್ಛತಾ ಒಯ್ದು ಬೆಂಕ್ಯಾಗ ಹಾಕು! ನಾಕ ಮಂದಿ ನಕ್ರಂತ ಮಾರಿ ತಿರುಗಿಸಿ ಕುಂತೀಯಲ್ಲ, ನಿನಗ ಏನರ ಆತಂದ್ರ ಅವ್ರು ಬರ್ತಾರೇನ ನನಗ ಉಣ್ಣಸಾಕ? ನೀ ಹೋದ್ರ ನನಗ ಯಾರದಾರ?”

ಖಾರದ ಕೈ ಕಣ್ಣಿಗೆ ಹೋಗಿ ಉರಿ ತಡೆಯಲಾರದೆ ಕೂಗಿಕೊಂಡೆ. ಅಕ್ಕ ಎಳೆದುಕೊಂಡು ಹೋಗಿ ಕಣ್ಣಿಗೆ ತಣ್ಣೀರು ಎರಚಿ, ಸೆರಗಿಗೆ ಬಾಯಿಂದ ಬಿಸಿ ಉಸಿರು ಊದಿ ಒತ್ತಿದಳು.  ಮೂರನೇ ದಿನ ಬೆಳಗ್ಗೆ ಕೂದಲು ಬಾಚಿಕೊಂಡು ಹೊಸಿಲಲ್ಲಿ ನಿಂತು, “ರಾಣೇಬೆನ್ನೂರಿಗೆ ಸೀರಿ ತರಾಕ ಹೋಗೂಣು ನಡಿ” ಅಂದಳು.

ಬ್ಯಾಡಗಿಯಲ್ಲಿ ತಪಾಸಣೆ ಬೇಡ, ಎಲ್ಲರಿಗೂ ಗೊತ್ತಾಗುತ್ತದೆ ಅಂತ ಅವಳ ಲೆಕ್ಕ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಬಹಳ ಹೊತ್ತು ಹೊರಗೆ ನೋಡಿದಳು. ಮಂಜಿನಲ್ಲಿ ಹೊಲಗಳು ಒಂದಾದ ಮೇಲೊಂದು ಕಂಡು ಕರಗುತ್ತಿದ್ದವು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಎರಡ ದಿನ ಆತು, ಮ್ಯಾಲೆ ಅಷ್ಟ ನೀರ ಹಾಕ್ಕೊಂಡೇನಿ. ಜನ್ಮದಾಗ ಮದ್ಲನೇ ಸಲ ಹಿಂಗ ಮನಿ ಬಿಟ್ಟು ಹೊಂಟೇನಿ ನೋಡು. ಎಲ್ಲಾರೂ ನನ್ನ ನೋಡಿದಂಗ ಆಗಾಕತ್ತೈತಿ” ಅಂದಳು. ಎದುರಿಗೆ ಕೂತಿದ್ದ ಅಜ್ಜ ಪಾಪ ಗೊರಕೆ ಹೊಡೆಯುತ್ತಿದ್ದ. ನಾನು ನಗಲೂ ಆಗದೆ ಅವಳ ಕೈ ಹಿಡಿದುಕೊಂಡೆ. ಆ ಕೈ ತಣ್ಣಗಿತ್ತು.

ರಾಣೇಬೆನ್ನೂರಿನ ಲೇಡಿ ಡಾಕ್ಟರು ಮಾತು ಕಡಿಮೆ, ಕೈ ಮೆದು. ಮೊದಲು ಸಣ್ಣ ಬ್ರಷ್ಷಿನಿಂದ ಸವರಿಕೊಂಡರು. ಆಮೇಲೆ ವಿನೆಗರಿನಂಥ ನೀರಲ್ಲಿ ಅದ್ದಿದ ಹತ್ತಿ ಒಳಗಿಟ್ಟು, ಒಂದು ನಿಮಿಷ ಸುಮ್ಮನೆ ಕಾದರು. ಪರದೆಯ ಈಚೆ ಕೂತ ನನಗೂ ಹುಳಿ ವಾಸನೆ ಬಂತು. “ಉಪ್ಪಿನಕಾಯಿ ಹಾಕ್ತೀರೇನ್ರಿ ಡಾಕ್ಟರ ಬಾಯಾರ?” ಅಂತ ಅಕ್ಕ ಕೇಳಿದ್ದು ಕೇಳಿಸಿತು. ಡಾಕ್ಟರು ನಕ್ಕರು. ಆಮೇಲೆ ನಗು ನಿಂತಿತು. ಹೊರಗೆ ಬಂದು ಕೈ ತೊಳೆಯುತ್ತ ನನ್ನನ್ನು ನೋಡಿ ಹೇಳಿದರು, “ಬಿಳಿ ಆಗಾಕತ್ತೈತ್ರಿ ಒಂದ ಕಡೆ. ಕೆಟ್ಟ ಜೀವಕೋಶ ಇದ್ದಲ್ಲಿ ಆ ನೀರಿಗೆ ಬಿಳಿ ಆಗತೈತಿ. ಬಾವು ಬಂದ್ರೂ ಆಗಬಹುದು, ಇದೊಂದ ನೋಡಿ ಏನೂ ಹೇಳಾಕ ಬರೂದಿಲ್ಲ. ಹಾವೇರಿಗೆ ಹೋಗ್ರಿ, ಅಲ್ಲಿ ದೊಡ್ಡದು ಮಾಡಿ ನೋಡೂ ಮಷಿನ್ ಐತಿ. ತಡ ಮಾಡಬ್ಯಾಡ್ರಿ.”

ವಾಪಸು ಬರುವಾಗ ಅಕ್ಕ ಸೀರೆ ಅಂಗಡಿಗೆ ಹೊಕ್ಕಳು. ಸೀರೆ ಇಲ್ಲದೆ ಹೋದರೆ ಮನೆಯಲ್ಲಿ ಏನು ಹೇಳುವುದು ಅಂದಳು. ನನಗೇ ಒಂದು ಆರಿಸಿ, ಚೌಕಾಸಿ ಮಾಡದೆ ತೆಗೆದುಕೊಂಡಳು. ಚೌಕಾಸಿ ಮಾಡದ ಅಕ್ಕನನ್ನು ನೋಡಿಯೇ ನನಗೆ ಹೆದರಿಕೆ ಹೆಚ್ಚಾಯಿತು.

ಹಾವೇರಿಗೆ ಹೋಗುವ ಮುಂಚೆ ಭಾವನವರಿಗೆ ಹೇಳಲೇಬೇಕಾಯಿತು. ಅವರು ಅಂಗಡಿ ಮುಚ್ಚಿ ತಾವೂ ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿದರು, ಆಗಲೇ ಬೆವರುತ್ತಿದ್ದರು. “ನೀವು ಬಂದ್ರ ನಿಮಗ ನೀರ ಕುಡಸೂದ ನಮ್ಮ ಕೆಲಸ ಆಗತೈತಿ. ಮನ್ಯಾಗ ಇರ್ರಿ” ಅಂತ ಅಕ್ಕ ಕೂರಿಸಿದಳು. ನಾವಿಬ್ಬರೇ ಹೋದೆವು.

ಆ ಕೋಣೆಯನ್ನು ನೆನೆದರೆ ಈಗಲೂ ಅದು ಖರೇ ಇತ್ತೋ ಕನಸಿನಲ್ಲಿ ಕಂಡದ್ದೋ ಅನ್ನಿಸುತ್ತದೆ. ಕಿಟಕಿಗೆ ನೀಲಿ ಪರದೆ. ಹೊರಗಿನ ಬಿಸಿಲು ಅದರಲ್ಲಿ ಸೋಸಿ ಬಂದು ಗೋಡೆ, ಡಾಕ್ಟರ ಕೋಟು, ಅಕ್ಕನ ಮೊಣಕಾಲು ಎಲ್ಲವೂ ತಿಳಿನೀಲಿ. ಮಾತುಗಳು ನೀರೊಳಗಿಂದ ಬಂದ ಹಾಗೆ ತಡವಾಗಿ ಮುಟ್ಟುತ್ತಿದ್ದವು. “ನಮ್ಮ ತಂಗಿ ಒಳಗ ಇರ್ಲಿರಿ” ಅಂತ ಅಕ್ಕ ಕೇಳಿಕೊಂಡಿದ್ದಳು. ಹಾವೇರಿಯ ಡಾಕ್ಟರಮ್ಮ ನನಗಿಂತ ಚಿಕ್ಕವಳು. ದೀಪವಿದ್ದ ದೊಡ್ಡ ದುರ್ಬೀನಿನಂಥ ಯಂತ್ರವನ್ನು ಮಂಚದ ಮುಂದೆ ತಂದು ನಿಲ್ಲಿಸಿದಳು. “ಇದು ಒಳಗ ಹೋಗೂದಿಲ್ರಿ ಅಮ್ಮಾ. ಹೊರಗಿಂದನ ನೋಡತೈತಿ. ನೀವೂ ನೋಡ್ರಿ” ಅಂತ ಅದರ ಟಿವಿಯಂಥ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

ಪರದೆಯ ತುಂಬ ಗುಲಾಬಿ ಬಣ್ಣ. ದುಂಡಗೆ, ಒದ್ದೆಯಾಗಿ, ನಡುವೆ ಒಂದು ಪುಟ್ಟ ಬಾಯಿ. ಅಕ್ಕ ತಲೆ ಎತ್ತಿ ನೋಡಿದಳು.

“ಇದ ಏನ್ರಿ ಅದು? ನನ್ನ ಮಕ್ಕಳು ಇದರಾಗಿಂದ ಬಂದಾವ?”

“ಹೌದ್ರಿ.”

“ಅಯ್ಯ, ಎಷ್ಟ ಸಣ್ಣದೈತಿ, ಪಾಪ” ಅಂದಳು ಅಕ್ಕ, ಬೇರೆ ಯಾರದೋ ಕೂಸನ್ನು ನೋಡಿದವಳ ಹಾಗೆ.

ಡಾಕ್ಟರಮ್ಮ ಅದೇ ಹುಳಿ ನೀರು ಹಚ್ಚಿದಳು. ನಾವು ಮೂವರೂ ಪರದೆ ನೋಡುತ್ತ ಕಾದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಪುಟ್ಟ ಬಾಯಿಯ ಒಂದು ಅಂಚಿನಲ್ಲಿ ಹಾಲು ಕೆನೆ ಕಟ್ಟುವ ಹಾಗೆ ಬಿಳಿ ಮೂಡಿತು, ಮೆಲ್ಲಗೆ, ಯಾರಿಗೂ ಅವಸರವಿಲ್ಲದ ಹಾಗೆ. ನೋಡಲು ಎಷ್ಟು ಚಂದ ಇತ್ತು ಅಂದರೆ ಅದು ಕೆಟ್ಟದ್ದು ಅಂತ ನಂಬಲು ಮನಸ್ಸು ಬರಲಿಲ್ಲ. ಆಮೇಲೆ ಡಾಕ್ಟರಮ್ಮ ಅಯೋಡಿನ್ ಹಚ್ಚಿದಳು. ಉಳಿದ ಭಾಗವೆಲ್ಲ ಅದನ್ನು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತು; ಬಿಳಿಯಾಗಿದ್ದ ಆ ತುಂಡು ಮಾತ್ರ ಕುಡಿಯಲಿಲ್ಲ, ಹಳದಿಯಾಗಿಯೇ ಉಳಿಯಿತು. “ಅಲ್ಲೇ ಐತ್ರಿ” ಅಂದಳು ಡಾಕ್ಟರಮ್ಮ. ನನಗೆ ಅವ್ವ ಕಂಡಳು. ಅವಳ ಒಳಗೂ ಒಂದು ಕಾಲಕ್ಕೆ ಇಷ್ಟೇ ಇಷ್ಟು ಇದ್ದಿರಬೇಕು. ನೋಡಲು ಯಾರೂ ಇರಲಿಲ್ಲ.

ಆ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. “ಅಮ್ಮಾ, ಜೋರಾಗಿ ಒಮ್ಮೆ ಕೆಮ್ಮರಿ. ಕೆಮ್ಮಿದಾಗ ಚಿವುಟಿದ್ದು ಗೊತ್ತಾಗೂದಿಲ್ಲ” ಅಂದಳು.

“ಬ್ಯಾಡಗ್ಯಾರಿಗೆ ಕೆಮ್ಮರಿ ಅಂತ ಹೇಳಿಸಿಕೊಬೇಕೇನ್ರಿ?” ಅಂದು ಅಕ್ಕ ಕೆಮ್ಮಿದ ಕೆಮ್ಮಿಗೆ ಸಿಸ್ಟರ್ ಕೈಯಲ್ಲಿನ ತಟ್ಟೆ ಅಲ್ಲಾಡಿತು. ಡಾಕ್ಟರಮ್ಮ ನಗುತ್ತಲೇ ಕೆಲಸ ಮುಗಿಸಿದಳು. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿದ್ದಿತ್ತು.

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಮನೆಯಲ್ಲಿ ಅಕ್ಕನ ಬೈಗುಳ ನಿಂತುಹೋಯಿತು. ಬೆಳಗ್ಗೆ ಕಣ್ಣು ಬಿಟ್ಟರೆ ಬರೀ ಮೌನ, ನನಗೆ ಮಲಗಲೂ ಆಗದು, ಏಳಲೂ ಆಗದು. ಬೆಕ್ಕು ಕೂಡ ಬಾಗಿಲಲ್ಲಿ ಬಂದು ಕೂತು ಏನೋ ಕಾಯುತ್ತಿತ್ತು. ಒಂದು ದಿನ ಅಕ್ಕ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಮಸಾಲೆ ಖಾರಕ್ಕೆ ಕೊಬ್ಬರಿ ಎಷ್ಟು ಹುರಿಯಬೇಕು, ಲವಂಗ ಯಾವಾಗ ಹಾಕಬೇಕು, ಕರಿಬೇವಿನ ಪಸೆ ಯಾವಾಗ ಆರಿತು ಅಂತ ಹೆಂಗೆ ತಿಳಿಯುವುದು, ಎಲ್ಲ ಹೇಳಲು ಶುರು ಮಾಡಿದಳು. ಇಷ್ಟು ವರ್ಷ ನನ್ನನ್ನು ಆ ಒಲೆಯ ಹತ್ತಿರ ಬಿಟ್ಟವಳಲ್ಲ. ಯಾಕೆ ಕಲಿಸುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

“ನನಗ ಕಲಸಬ್ಯಾಡ. ಮುಂದಿನ ವರ್ಷಾನೂ ನೀನ ಹುರಿ” ಅಂದು ಎದ್ದೆ.

“ಕುಂದ್ರ ಹುಚ್ಚಿ. ಕಲತ್ರ ಏನ ಹೋಗತೈತಿ?” ಅಂದಳು. ದನಿ ಮೆತ್ತಗಿತ್ತು. ಆ ಮೆತ್ತನೆ ದನಿ ನ‌ನಗೆ ಬೇಡವಾಗಿತ್ತು. ಹಿತ್ತಲಿಗೆ ಹೋಗಿ ಗೋಡೆಗೆ ಒರಗಿ ನಿಂತುಬಿಟ್ಟೆ.

ಹಾವೇರಿಯ ಡಾಕ್ಟರಮ್ಮ ಫಲಿತಾಂಶ ಓದಿ ಮೊದಲು ಅಕ್ಕನ ಕೈ ಹಿಡಿದಳು. “ಕ್ಯಾನ್ಸರ್ ಅಲ್ರಿ ಅಮ್ಮಾ. ಕ್ಯಾನ್ಸರ್ ಆಗೂಕಿಂತ ಮದ್ಲಿನ ಬದಲಾವಣಿ. ಸ್ವಲ್ಪ ಜೋರಾಗೇತಿ, ಹಂಗ ಬಿಟ್ರ ಮುಂದ ಕ್ಯಾನ್ಸರ್ ಆಗೂ ಸಂಭವ ಭಾಳ. ಅಷ್ಟ ಭಾಗ ತಗದು ಬಿಡೂಣು.”

ಅಕ್ಕ, “ಇದು ಯಾಕ ಬರತೈತ್ರಿ? ನಾ ಏನೂ ಹೊಲಸ ಇರಾಕಿ ಅಲ್ಲ” ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

“ಹೊಲಸಿಗೂ ಇದಕ್ಕೂ ಸಂಬಂಧ ಇಲ್ರಿ. ಒಂದು ವೈರಸ್ ಐತಿ. ಗಂಡ ಹೆಂಡ್ತಿ ಕೂಡಿದಾಗ ಬರತೈತಿ, ಹೆಚ್ಚು ಕಡಿಮಿ ಎಲ್ಲಾರಿಗೂ ಯಾವಾಗರೆ ಬಂದ ಹೋಗಿರತೈತಿ. ಕೆಲವ್ರಾಗ ಹೋಗದ ಉಳೀತೈತಿ, ವರ್ಷಗಟ್ಟಲೆ ಕುಂತು ಕೆಡಸತೈತಿ. ನಿಮ್ಮ ತಪ್ಪಲ್ಲ, ನಿಮ್ಮ ಯಜಮಾನ್ರ ತಪ್ಪೂ ಅಂತ ಅಲ್ಲ. ತೊಳದ್ರ ಹೋಗೂದಲ್ಲ ಇದು, ನೋಡಿ ಹುಡಕಬೇಕು.” ಅಕ್ಕ ತಲೆ ಅಲ್ಲಾಡಿಸಿದಳು. ಎಷ್ಟು ಅರ್ಥವಾಯಿತೋ, ನಿಟ್ಟುಸಿರು ಮಾತ್ರ ದೊಡ್ಡದು ಬಿಟ್ಟಳು.

ತೆಗೆಯುವ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಊಟ ಕಟ್ಟಿಕೊಂಡು ಬಂದಿದ್ದೆ, ಎರಡು ದಿನದ ಬಟ್ಟೆ ತಂದಿದ್ದೆ, ಹೊದಿಕೆ, ಫ್ಲಾಸ್ಕು. ಆಪರೇಷನ್ ಅಂದರೆ ಅವ್ವನನ್ನು ಒಯ್ದ ಹುಬ್ಬಳ್ಳಿಯ ದವಾಖಾನೆಯ ಹಾಗೆ ಅಂತ ನನ್ನ ತಲೆಯಲ್ಲಿ. ಆ ಉದ್ದನೆಯ ಓಣಿಯಂಥ ವರಾಂಡಾ, ಫಿನೈಲ್ ವಾಸನೆ, ಗೋಡೆಗೆ ಒರಗಿ ನಿದ್ದೆ ಹೋದ ಅಪ್ಪ. ಕಣ್ಣು ಮುಚ್ಚಿ ಅದನ್ನೆಲ್ಲ ನೋಡುತ್ತ ಎಷ್ಟು ಹೊತ್ತು ಕೂತೆನೋ, ಹೆಗಲ ಮೇಲೆ ಕೈ ಬಿತ್ತು. ಡಾಕ್ಟರಮ್ಮ ಕೈಗವಸು ಕಳಚುತ್ತ ನಿಂತಿದ್ದಳು.

“ಮುಗೀತ್ರಿ.”

ನನಗೆ ತಿಳಿಯಲಿಲ್ಲ. “ಏನ ಮುಗೀತ್ರಿ?”

“ತಗದ್ವಿ. ಅಲ್ಲಷ್ಟ ಜೀವ ಇಲ್ಲದಂಗ ಇಂಜೆಕ್ಷನ್ ಕೊಟ್ಟು, ಸಣ್ಣ ತಂತಿ ಕುಣಿಕಿಲೆ ಆ ತುಂಡ ಎತ್ತಿದ್ವಿ. ಚಲೋ ಅದಾರ, ಸಿಸ್ಟರ್ ಕೂಡ ಮಾತಾಡಾಕತ್ತಾರ. ಸಂಜಿಕ ಮನಿಗೆ ಕರಕೊಂಡು ಹೋಗ್ರಿ. ವರ್ಷ ವರ್ಷ ತಪ್ಪದ ತೋರಿಸ್ರಿ, ಅಷ್ಟ.”

ಅಷ್ಟರೊಳಗೆ ಒಲೆ ಮೇಲಿಟ್ಟ ಅನ್ನ ಕೂಡ ಬೆಂದಿರುತ್ತಿರಲಿಲ್ಲ. “ಇಷ್ಟ ಏನ್ರಿ?” ಅಂದೆ.

“ಇಷ್ಟ್ರೀ. ಲಗೂನ ಸಿಕ್ತಲ್ಲ, ಅದಕ್ಕ ಇಷ್ಟ.”

ಅವಳು ಹೋದಳು. ನಾನು ಬೆಂಚಿನ ಮೇಲೆ ಕೂರಲು ಹೋದವಳು ನೆಲದ ಮೇಲೆ ಕೂತೆ. ಸಂತೋಷ ಬರಬೇಕಿತ್ತು, ಬಂತು ಕೂಡ, ಆದರೆ ಅದರ ಬೆನ್ನಿಗೇ ಬಂದದ್ದನ್ನು ತಡೆಯಲು ನನ್ನ ಕೈಲಿ ಆಗಲಿಲ್ಲ. ಹಣೆಬರಹ ಅಂದಿದ್ದರು. ಹಣೆಬರಹ ಅಲ್ಲ, ಇಷ್ಟು. ಒಂದು ಕಡ್ಡಿ, ಒಂದಿಷ್ಟು ಹುಳಿ ನೀರು, ಒಂದು ದೀಪ, ಒಂದು ತಂತಿ. ಇಷ್ಟು ಇದ್ದಿದ್ದರೆ ನನ್ನವ್ವ ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಿರುತ್ತಿದ್ದಳು. ನನ್ನ ಬಾಣಂತನ ಮಾಡಿರುತ್ತಿದ್ದಳು. ನನ್ನ ಪಕ್ಕ ಮಲಗಿರುತ್ತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ನನ್ನ ಗಂಟಲಿಂದ ಬಂದ ದನಿ ನನಗೇ ಗುರುತಿರಲಿಲ್ಲ, ವರಾಂಡದ ಜನ ಎದ್ದು ನಿಂತರು.

ಬಾಗಿಲು ತೆರೆಯಿತು. ದವಾಖಾನೆಯ ಹಸಿರು ಅಂಗಿಯಲ್ಲಿ ಅಕ್ಕ, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಸಿಸ್ಟರ್ ಹಿಂದೆ ಬೇಡ ಬೇಡ ಅನ್ನುತ್ತ ಓಡಿ ಬರುತ್ತಿದ್ದಳು. ಅಕ್ಕ ಮೆಲ್ಲಗೆ ನನ್ನ ಪಕ್ಕ ನೆಲದ ಮೇಲೆ ಕೂತು, ನನ್ನ ತಲೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು.

“ಆಪರೇಷನ್ ಆಗಿದ್ದು ನಿಮಗೋ ಇವ್ರಿಗೋ?” ಅಂದಳು ಸಿಸ್ಟರ್. “ಎಲ್ಲಾ ಚಲೋ ಆಗೇತಲ್ರಿ. ಅಳಬ್ಯಾಡ ಅಂತ ಹೇಳ್ರಿ ಅವ್ರಿಗೆ.”

ಅಕ್ಕ ನನ್ನ ಕೂದಲಲ್ಲಿ ಕೈಯಾಡಿಸುತ್ತ ಹೇಳಿದಳು, “ಅಳಲಿ ಬಿಡವ್ವ. ಆಕಿ ತಾಯಿ ಇವತ್ತ ಸತ್ತಾಳ.”